ಮಳೆ ಪುಸ್ತಕದ ಪಕ್ಕದಲ್ಲೊಂದು ಹದ್ದಿನ ಪುಸ್ತಕ

ಕೊಡಗಿನ ಹಳೆಯ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಎಂಬುದೊಂದು ಇರುತ್ತದೆ. ದಿನವೂ ಬೆಳಿಗ್ಗೆ ಮಳೆಮಾಪಕದಲ್ಲಿ ನಿಂತ ನೀರನ್ನು ಅಳೆದು ಇಂಚು, ಸೆಂಟುಗಳ ಲೆಕ್ಕದಲ್ಲಿ ಅದರಲ್ಲಿ ಬರೆಯುತ್ತಾರೆ. ಅಜ್ಜ ಬರೆದದ್ದು, ಅಪ್ಪ ಬರೆದದ್ದು, ಈಗ ಮಗಳು ಬರೆಯುತ್ತಿರುವುದು, ಎಲ್ಲವೂ ಒಂದೇ ಕಪಾಟಿನಲ್ಲಿ. ಜುಲೈ ಪುಟಗಳು ಅಂಕಿಗಳಿಂದ ಕಿಕ್ಕಿರಿದಿದ್ದರೆ ಜನವರಿ ಪುಟದ ತುಂಬ ಸೊನ್ನೆಗಳು. ಮಳೆ ಬರಲಿಲ್ಲವೆಂದು ಯಾರೂ ಆ ದಿನದ ಸಾಲನ್ನು ಖಾಲಿ ಬಿಡುವುದಿಲ್ಲ. ಖಾಲಿ ಬಿಟ್ಟರೆ ಅಂದು ಮಳೆಯೇ ಬೀಳಲಿಲ್ಲವೋ, ನೋಡಲು ಯಾರೂ ಹೋಗಲಿಲ್ಲವೋ ಎಂದು ಹತ್ತು ವರ್ಷದ ಮೇಲೆ ತಿಳಿಯುವ ದಾರಿಯೇ ಇರುವುದಿಲ್ಲ.

ಬೆಟ್ಟದ ನೆತ್ತಿಯಲ್ಲಿ ಕುಳಿತು ವಲಸೆ ಹೋಗುವ ಬೇಟೆಹಕ್ಕಿಗಳನ್ನು ಎಣಿಸುವುದು ಹೇಗೆ ಎಂದು ಕೇಳಿದವರಿಗೆ ನಾನು ಮೊದಲು ಈ ಪುಸ್ತಕವನ್ನು ನೆನಪಿಸುತ್ತೇನೆ. ಎಣಿಕೆ ಎಂದೊಡನೆ ಎಲ್ಲರೂ ಕೇಳುವುದು ಎಷ್ಟು ಹಕ್ಕಿ ಕಂಡವು ಎಂದು. ಎಷ್ಟು ಹೊತ್ತು ನೋಡಿದಿರಿ ಎಂದು ಕೇಳುವವರು ಕಡಿಮೆ. ಆ ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮೊದಲನೆಯದಕ್ಕೆ ಕೊಟ್ಟ ಉತ್ತರಕ್ಕೆ ಬೆಲೆಯಿಲ್ಲ.

ಸೆಪ್ಟೆಂಬರ್ ಕಳೆದು ಮುಂಗಾರು ಹಿಂದೆ ಸರಿಯುತ್ತಿದ್ದಂತೆ ಉತ್ತರದ ಬೇಟೆಹಕ್ಕಿಗಳು ನಮ್ಮ ಕಡೆ ಇಳಿಯುತ್ತವೆ. ಇವುಗಳಲ್ಲಿ ಹೆಚ್ಚಿನವು ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ, ಸೈಬೀರಿಯಾದ ಬಯಲುಗಳಲ್ಲಿ ಮರಿ ಮಾಡಿದ ಹಕ್ಕಿಗಳು. ಚಳಿಯನ್ನು ಗರಿಗಳು ತಡೆದುಕೊಳ್ಳುತ್ತವೆ, ಹಸಿವನ್ನು ತಡೆಯಲಾರವು. ಅಲ್ಲಿ ಹಿಮ ಬಿದ್ದರೆ ಮಿಡತೆ, ಹಲ್ಲಿ, ಇಲಿ, ಕಪ್ಪೆಗಳೆಲ್ಲ ಕಣ್ಮರೆಯಾಗುತ್ತವೆ. ಆದ್ದರಿಂದ ಪ್ರಯಾಣ. ಹೊಲ, ಹುಲ್ಲುಬಯಲುಗಳ ಮೇಲೆ ತಗ್ಗಿನಲ್ಲಿ ತೇಲುವ ಸೆಳೆವಗಳು, ಒಂದೇ ಕಡೆ ರೆಕ್ಕೆ ಬಡಿಯುತ್ತಾ ಗಾಳಿಯಲ್ಲಿ ನಿಲ್ಲುವ ಚಾಣ, ಚಿಕ್ಕದಾದರೂ ಗಟ್ಟಿಮುಟ್ಟಾದ ಬೂಟೆಡ್ ಈಗಲ್, ಸಣ್ಣ ಗುಂಪುಗಳಲ್ಲಿ ಕಾಡಿನಂಚಿಗೆ ಬರುವ ಬ್ಲ್ಯಾಕ್ ಬಾಜಾ, ಪೆರಿಗ್ರಿನ್ ಫಾಲ್ಕನ್. ನಮ್ಮ ಜನ ಇವೆಲ್ಲವನ್ನೂ ಸೇರಿಸಿ 'ಹದ್ದು' ಎಂದುಬಿಡುತ್ತಾರೆ. ಗಿಡುಗ, ಡೇಗೆ, ಸೆಳೆವ, ಚಾಣ, ಬಿಜ್ಜು ಎಂದು ಕನ್ನಡದಲ್ಲಿ ಇಷ್ಟೊಂದು ಚಂದದ ಹೆಸರುಗಳಿರುವಾಗ ಅವನ್ನು ಬಳಸದೆ ಬಿಡುವುದು ನನಗೆ ಬಹಳ ಬೇಸರದ ವಿಷಯ.

ಇವು ಬೆಟ್ಟದ ಮೇಲೆಯೇ ಏಕೆ ಹಾದುಹೋಗಬೇಕು? ಇದಕ್ಕೆ ಉತ್ತರ ಗಾಳಿಯಲ್ಲಿದೆ. ದೊಡ್ಡ ರೆಕ್ಕೆಯ ಹಕ್ಕಿಗೆ ರೆಕ್ಕೆ ಬಡಿಯುವುದೆಂದರೆ ಬಹಳ ಖರ್ಚಿನ ಕೆಲಸ. ಬಿಚ್ಚಿದ ರೆಕ್ಕೆಯಲ್ಲಿ ತೇಲುವುದು ಅದರ ಎದುರು ಏನೇನೂ ಅಲ್ಲ. ಸಾವಿರಾರು ಕಿಲೋಮೀಟರ್ ಹೋಗಬೇಕಾದ ಹಕ್ಕಿ ತೇಲುವ ದಾರಿಯನ್ನೇ ಹುಡುಕುತ್ತದೆ. ಆ ದಾರಿ ಎರಡು ಬಗೆಯಲ್ಲಿ ಸಿಗುತ್ತದೆ. ಬಿಸಿಲಿಗೆ ಬಂಡೆ, ಬೋಳು ನೆಲ, ಪಟ್ಟಣದ ಚಾವಣಿಗಳು ಕಾದಾಗ ಅವುಗಳ ಮೇಲಿನ ಗಾಳಿ ಬಿಸಿಯಾಗಿ, ಹಗುರಾಗಿ ಮೇಲೇಳುತ್ತದೆ. ಹಕ್ಕಿ ಆ ಏರುಗಾಳಿಯೊಳಗೆ ಸುತ್ತು ಹಾಕುತ್ತಾ, ಒಮ್ಮೆಯೂ ರೆಕ್ಕೆ ಬಡಿಯದೆ ಮೇಲೇರುತ್ತದೆ. ಸಾಕಷ್ಟು ಎತ್ತರ ಸಿಕ್ಕಿದೊಡನೆ ರೆಕ್ಕೆಗಳನ್ನು ತುಸು ಮಡಚಿ ತನ್ನ ದಿಕ್ಕಿಗೆ ಜಾರುತ್ತದೆ. ಒಂದು ಮೀಟರ್ ಇಳಿಯುವಷ್ಟರಲ್ಲಿ ಹತ್ತು ಮೀಟರ್ ಮುಂದೆ ಹೋಗುವ ಹಕ್ಕಿ 500 ಮೀಟರ್ ಏರಿತೆಂದರೆ ಐದು ಕಿಲೋಮೀಟರ್ ದಾರಿ ಪುಕ್ಕಟೆ. ಅಲ್ಲಿ ಮತ್ತೊಂದು ಏರುಗಾಳಿ, ಮತ್ತೊಂದು ಜಾರು.

ಎರಡನೆಯದು ಬೆಟ್ಟ ಕೊಡುವ ನೆರವು. ಬೀಸಿ ಬಂದ ಗಾಳಿಗೆ ಬೆಟ್ಟಸಾಲು ಗೋಡೆಯಂತೆ ಅಡ್ಡ ನಿಂತರೆ ಗಾಳಿ ಮೇಲಕ್ಕೆ ಹತ್ತದೆ ಬೇರೆ ದಾರಿಯಿಲ್ಲ. ಹಕ್ಕಿ ಆ ಗಾಳಿಯ ಅಂಚನ್ನು ಹಿಡಿದು ಬೆಟ್ಟಸಾಲಿನ ಉದ್ದಕ್ಕೂ ಸಾಗುತ್ತದೆ. ಪಶ್ಚಿಮ ಘಟ್ಟ ಉತ್ತರದಿಂದ ದಕ್ಷಿಣಕ್ಕೆ ಹರಡಿಕೊಂಡಿರುವುದರಿಂದ ದಕ್ಷಿಣಕ್ಕೆ ಹೊರಟ ಹಕ್ಕಿಗೆ ಅದು ಸಿದ್ಧವಾಗಿಟ್ಟ ದಾರಿ. ಕೊಡಗಿನಲ್ಲಿ ಪುಷ್ಪಗಿರಿಯಿಂದ ಹಿಡಿದು 1748 ಮೀಟರ್ ಎತ್ತರದ ತಡಿಯಂಡಮೋಳ್, ದಕ್ಷಿಣದ ಬ್ರಹ್ಮಗಿರಿಯವರೆಗೆ ಈ ಗೋಡೆ ಇದೆ. ಪಶ್ಚಿಮಕ್ಕೆ ಅದು ದಕ್ಷಿಣ ಕನ್ನಡ, ಕೇರಳಗಳ ಕಡೆಗೆ ಕಡಿದಾಗಿ ಬೀಳುತ್ತದೆ. ಪೂರ್ವಕ್ಕೆ ಮೈಸೂರಿನ ಬಯಲಿನತ್ತ ನಿಧಾನವಾಗಿ ಇಳಿಯುತ್ತದೆ. ಅಕ್ಟೋಬರಿನಲ್ಲಿ ಇಲ್ಲಿ ನೆಲವೆಲ್ಲ ಇನ್ನೂ ಒದ್ದೆ, ಗದ್ದೆಗಳು ಹಸಿರು. ಒದ್ದೆ ನೆಲ ಬೇಗ ಕಾಯುವುದಿಲ್ಲವಾದ್ದರಿಂದ ಬಿಸಿ ಏರುಗಾಳಿ ತಡವಾಗಿ ಹುಟ್ಟುತ್ತದೆ. ಬೆಟ್ಟದ ಗಾಳಿಗೆ ಹೆಚ್ಚು ಬೆಲೆ ಬರುವುದು ಆಗಲೇ. ಆ ತಿಂಗಳು ಗಾಳಿಯ ದಿಕ್ಕೂ ಬದಲಾಗುವ ಕಾಲ: ಮುಂಗಾರಿನ ಪಡುಗಾಳಿ ಸೋತು ಹಿಂಗಾರಿನ ಮೂಡುಗಾಳಿ ಶುರುವಾಗುತ್ತದೆ. ಮೂಡುಗಾಳಿ ಬೀಸಿದ ದಿನ ಹಕ್ಕಿಗಳನ್ನು ಬೆಟ್ಟದ ಪೂರ್ವದ ಮಗ್ಗುಲಲ್ಲಿ ಹುಡುಕಬೇಕು. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಘಟ್ಟ ಹತ್ತಿ ಬಂದರೆ ಪಶ್ಚಿಮಕ್ಕೆ ತಿರುಗಿ ಕೂರಬೇಕು. ಹೀಗಾಗಿ ಎಣಿಸುವವರ ಪುಸ್ತಕದಲ್ಲಿ ಗಾಳಿಯ ದಿಕ್ಕಿಗೆ ಹಕ್ಕಿಯ ಹೆಸರಿನಷ್ಟೇ ದೊಡ್ಡ ಜಾಗವಿದೆ.

ಇಲ್ಲಿ ಒಂದು ಆಸೆಯನ್ನು ಮೊದಲೇ ಬಿಡಬೇಕು. ಮೆಕ್ಸಿಕೋದ ವೆರಾಕ್ರೂಸಿನಲ್ಲಿ ಒಂದೇ ಋತುವಿನಲ್ಲಿ ನಲವತ್ತು ಲಕ್ಷಕ್ಕೂ ಹೆಚ್ಚು ಬೇಟೆಹಕ್ಕಿಗಳು ಹಾದುಹೋಗುತ್ತವೆ. ಜಾರ್ಜಿಯಾ ದೇಶದ ಬಟೂಮಿಯಲ್ಲಿ ಕಪ್ಪು ಸಮುದ್ರಕ್ಕೂ ಬೆಟ್ಟಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಹತ್ತು ಲಕ್ಷ ದಾಟುತ್ತದೆ. ಅಲ್ಲಿ 2008ರಿಂದ ಕ್ರಮಬದ್ಧ ಎಣಿಕೆ ನಡೆಯುತ್ತಿದೆ. ಎರಡೂ ಕಡೆ ನೆಲವು ಹಕ್ಕಿಗಳನ್ನು ಆಲಿಕೆಯ ಕೊರಳಿಗೆ ತಳ್ಳುತ್ತದೆ, ಕೊರಳಿನಾಚೆ ಮತ್ತೆ ದೊಡ್ಡ ಖಂಡವಿದೆ. ನಮ್ಮ ಪರ್ಯಾಯ ದ್ವೀಪ ತಳ ಹೊಲಿದ ಚೀಲದ ಹಾಗೆ. ಕನ್ಯಾಕುಮಾರಿಯಾಚೆ ನೀರು, ಮತ್ತು ಸಮುದ್ರದ ಮೇಲೆ ತೇಲುವ ಹಕ್ಕಿಗಳಿಗೆ ಬೇಕಾದ ಏರುಗಾಳಿ ಸಿಗುವುದಿಲ್ಲ. ಆದ್ದರಿಂದ ಬಂದವುಗಳಲ್ಲಿ ಬಹುಪಾಲು ದಾರಿಯಲ್ಲೇ, ದಖನ್ನಿನ ಬಯಲುಗಳಲ್ಲಿ ಹಂಚಿಹೋಗಿ ಚಳಿಗಾಲ ಕಳೆಯುತ್ತವೆ. ಸೆಳೆವಗಳು ಬೆಂಗಳೂರಿನ ಪಕ್ಕದ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ರಾತ್ರಿ ತಂಗುವುದು ಪಕ್ಷಿಪ್ರಿಯರಿಗೆಲ್ಲ ಗೊತ್ತು. ಕೊಡಗಿನವರೆಗೆ ಇಳಿದು ಬರುವುದು ಉಳಿದವು. ಇಲ್ಲಿ ಆಕಾಶ ಕಪ್ಪಾಗುವಷ್ಟು ಹಕ್ಕಿಗಳು ಬರುವುದಿಲ್ಲ.

ಚೀಲದ ಹೊಲಿಗೆಯನ್ನು ಹರಿದುಕೊಂಡು ಹೋಗುವ ಹಕ್ಕಿಯೂ ಒಂದಿದೆ. ಅಮೂರ್ ಫಾಲ್ಕನ್ ತೂಗುವುದು ಸುಮಾರು 150 ಗ್ರಾಂ, ಮೂರು ಕೋಳಿಮೊಟ್ಟೆಯಷ್ಟು. ಅದು ಸೈಬೀರಿಯಾ, ಉತ್ತರ ಚೀನಾಗಳಿಂದ ಹೊರಟು ನಾಗಾಲ್ಯಾಂಡ್, ಮಣಿಪುರಗಳಲ್ಲಿ ತಂಗಿ, ಪರ್ಯಾಯ ದ್ವೀಪವನ್ನೂ ಅರಬ್ಬೀ ಸಮುದ್ರವನ್ನೂ ದಾಟಿ ಆಫ್ರಿಕಾದ ದಕ್ಷಿಣಕ್ಕೆ ಹೋಗುತ್ತದೆ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ 2012ರಲ್ಲಿ ಇವುಗಳನ್ನು ಬಲೆ ಹಾಕಿ ಸಾವಿರ ಸಾವಿರವಾಗಿ ಕೊಂದ ಸುದ್ದಿ ದೇಶವನ್ನೇ ಬೆಚ್ಚಿಬೀಳಿಸಿತು. ಮರುವರ್ಷವೇ ಅದೇ ಊರಿನವರು ಕೊಲ್ಲುವುದನ್ನು ನಿಲ್ಲಿಸಿದರು, ಅದೇ 2013ರಲ್ಲಿ ಕೆಲವು ಹಕ್ಕಿಗಳಿಗೆ ಉಪಗ್ರಹ ಸಾಧನ ಕಟ್ಟಿ ಬಿಟ್ಟರು. ಹಗಲೂ ರಾತ್ರಿಯೂ ನಿಲ್ಲದೆ ಅವು ಹಾರುವ ಬಗೆ ನಮಗೆ ತಿಳಿದದ್ದು ಹಾಗೆ. ಕತ್ತಲಲ್ಲಿ ಅಷ್ಟು ಎತ್ತರದಲ್ಲಿ ಹೋಗುವ ಹಕ್ಕಿಯನ್ನು ಬೆಟ್ಟದ ಮೇಲೆ ಕುಳಿತು ಎಣಿಸಲಾಗದು. ನಮ್ಮ ಮಾಪಕದೊಳಗೆ ಬೀಳದ ಮಳೆ ಅದು.

ಇನ್ನು ಬೆಟ್ಟಕ್ಕೆ ಬರೋಣ. ನಾವು ಕೂರುವುದು ಕಕ್ಕಬ್ಬೆಯ ಕಡೆಯ ಒಂದು ಬೋಳುಗುಡ್ಡದಲ್ಲಿ. ಮೊಣಕಾಲೆತ್ತರದ ಹುಲ್ಲು, ಮಡಿಕೆಗಳಲ್ಲಿ ಶೋಲಾ ಕಾಡು, ಕೆಳಗೆ ಕಾಫಿ ತೋಟಗಳು. ತುಲಾ ಸಂಕ್ರಮಣದ ಆಸುಪಾಸಿನ ಒಂದು ಬೆಳಿಗ್ಗೆಯನ್ನು ಹೇಳುತ್ತೇನೆ. ಏಳೂವರೆಗೆ ಹತ್ತಿ ಕುಳಿತಾಗ ಕಣಿವೆಯ ತುಂಬ ಮಂಜು. ಕಾಲಿಗೆ ಅಂಟಿದ ಜಿಗಣೆಗಳನ್ನು ಕಿತ್ತು ಹಾಕುವುದರಲ್ಲೇ ಮೊದಲ ಅರ್ಧ ಗಂಟೆ ಹೋಯಿತು. ಎಂಟರಿಂದ ಒಂಬತ್ತು: ಸೊನ್ನೆ. ಒಂಬತ್ತರಿಂದ ಹತ್ತು: ಸೊನ್ನೆ. ಹತ್ತರಿಂದ ಹನ್ನೊಂದು: ಸೊನ್ನೆ. ಮೂರು ಸಾಲುಗಳಲ್ಲೂ ಗಾಳಿ, ಮೋಡ, ಎಷ್ಟು ದೂರದವರೆಗೆ ಕಾಣುತ್ತಿದೆ ಎಂಬುದನ್ನು ಬರೆದುಕೊಂಡೆವು. ಹನ್ನೊಂದು ದಾಟಿ ಹತ್ತು ನಿಮಿಷಕ್ಕೆ ಮಂಜಿನ ಅಂಚಿನಿಂದ ಒಂದು ಸೆಳೆವ ಹೊರಬಂತು. ಅದು ನಮಗಿಂತ ಕೆಳಗಿತ್ತು. ಬೆಟ್ಟದ ಮೇಲೆ ಕೂರುವುದರ ದೊಡ್ಡ ಸುಖವೇ ಇದು, ಹಾರುವ ಹಕ್ಕಿಯ ಬೆನ್ನು ಕಾಣುತ್ತದೆ. ಕಂದು ಬೆನ್ನು, ಬಾಲದ ಬುಡದಲ್ಲಿ ಬಿಳಿಯ ಪಟ್ಟಿ, ಅಗಲವಾದ ವಿ ಅಕ್ಷರದಂತೆ ಎತ್ತಿ ಹಿಡಿದ ರೆಕ್ಕೆಗಳು. ಇಳಿಜಾರಿನ ಹುಲ್ಲನ್ನು ಸವರುವಂತೆ ಬಂದು, ನಮ್ಮ ಕಾಲಡಿಯಲ್ಲೇ ಏರುಗಾಳಿ ಸಿಕ್ಕಿದೊಡನೆ ಒಂದಿಷ್ಟೂ ಬಡಿಯದೆ ಎದೆಮಟ್ಟಕ್ಕೆ ಎದ್ದು, ಒಂದು ಕ್ಷಣ ಗೂಬೆಯಂಥ ಮುಖ ತಿರುಗಿಸಿ ನೋಡಿ ದಕ್ಷಿಣದ ಗುಡ್ಡದ ಹಿಂದೆ ಮರೆಯಾಯಿತು. ಹೆಣ್ಣೋ ಮರಿಯೋ, ಮೊಂಟಾಗು ಸೆಳೆವವೋ ಪ್ಯಾಲಿಡ್ ಸೆಳೆವವೋ ಹೇಳಲು ಆಗಲಿಲ್ಲ. ಪುಸ್ತಕದಲ್ಲಿ ಬರೆದದ್ದು: 'ಸೆಳೆವ, ಜಾತಿ ತಿಳಿಯದು, 1.'

'ಜಾತಿ ತಿಳಿಯದು' ಎಂದು ಬರೆಯಲು ಹೊಸಬರು ಬಹಳ ಹಿಂಜರಿಯುತ್ತಾರೆ. ಹಾಗೆ ಬರೆಯುವ ಧೈರ್ಯವಿಲ್ಲದವರ ಪುಸ್ತಕವನ್ನು ನಾನು ನಂಬುವುದಿಲ್ಲ. ಒಂದು ಕಿಲೋಮೀಟರ್ ಆಚೆಯ ಚುಕ್ಕೆಗೆ ಹೆಸರಿಡುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ದೂರದ ಹಕ್ಕಿಯಲ್ಲಿ ಬಣ್ಣ ಕಾಣುವುದಿಲ್ಲ, ಕಾಣುವುದು ಆಕಾರ ಮತ್ತು ನಡೆ. ರೆಕ್ಕೆ ಚೂಪಾಗಿ ಕತ್ತಿಯಂತಿದ್ದರೆ ಚಾಣ, ಫಾಲ್ಕನ್‌ಗಳ ಕುಲ. ಮೂರು ನಾಲ್ಕು ಬಾರಿ ಬಡಿದು ಒಮ್ಮೆ ಜಾರಿದರೆ ಬಿಜ್ಜುವಿನ ಬಳಗ. ಬಾಲ ಕವಲೊಡೆದು, ಚುಕ್ಕಾಣಿಯಂತೆ ಆಚೀಚೆ ತಿರುಚುತ್ತಿದ್ದರೆ ಕರಿಹದ್ದು. ಪಾರಿವಾಳದಂಥ ಪುಟ್ಟ ತಲೆಯನ್ನು ಉದ್ದ ಕೊರಳಿನ ತುದಿಯಲ್ಲಿ ಮುಂದೆ ಚಾಚಿ, ರೆಕ್ಕೆಗಳನ್ನು ಹಲಗೆಯಂತೆ ಚಪ್ಪಟೆಯಾಗಿ ಹಿಡಿದಿದ್ದರೆ ಜೇನುಗಿಡುಗ. ಬೂಟೆಡ್ ಈಗಲ್ ಎದುರಿನಿಂದ ಬಂದಾಗ ರೆಕ್ಕೆಯ ಬುಡದಲ್ಲಿ ಎರಡು ಬಿಳಿ ಚುಕ್ಕೆಗಳು ವಾಹನದ ದೀಪಗಳಂತೆ ಹೊಳೆಯುತ್ತವೆ. ಇವನ್ನು ಚಿತ್ರ ನೋಡಿ ಕಲಿಯಬಹುದು, ಆದರೆ ಕೈಗೆ ಹತ್ತಬೇಕಾದರೆ ಊರಿನ ಮೇಲೆ ದಿನವೂ ಸುತ್ತುವ ಗರುಡವನ್ನೂ ಕರಿಹದ್ದನ್ನೂ ಎಲ್ಲ ಕೋನಗಳಿಂದ, ಎಲ್ಲ ಬೆಳಕಿನಲ್ಲಿ ನೋಡಿ ನೋಡಿ ಸಾಕಾಗಿರಬೇಕು.

ಕೊಡಗಿನ ಎಣಿಕೆಯ ನಿಜವಾದ ಕಷ್ಟ ಇರುವುದು ಬೇರೆ ಕಡೆ. ಇಲ್ಲಿನ ಆಕಾಶದಲ್ಲಿ ಕಾಣುವ ಬೇಟೆಹಕ್ಕಿಗಳಲ್ಲಿ ಹೆಚ್ಚಿನವು ಎಲ್ಲಿಗೂ ಹೋಗುತ್ತಿರುವುದಿಲ್ಲ. ಇಲ್ಲೇ ಹುಟ್ಟಿ ಇಲ್ಲೇ ಬದುಕುವಂಥವು. ಕೂಗಿಕೊಂಡೇ ಸುತ್ತುವ ಹಾವುಗಿಡುಗ, ಗರುಡ, ಬಿಜ್ಜು, ಶೋಲಾ ಮರಗಳ ತುದಿಗೆ ತಾಗುವಂತೆ ನಿಧಾನವಾಗಿ ತೇಲುತ್ತಾ ಬೇರೆ ಹಕ್ಕಿಗಳ ಗೂಡು ಹುಡುಕುವ ಕರಿಗಿಡುಗ. ಈ ಕರಿಗಿಡುಗ ನಮ್ಮ ಮುಂದಿನಿಂದಲೇ ಬೆಳಿಗ್ಗೆ ನಾಲ್ಕು ಬಾರಿ ಹಾದುಹೋಗಬಹುದು. ನಾಲ್ಕೂ ಬಾರಿ ಎಣಿಸಿದರೆ ಒಂದೇ ಹಕ್ಕಿ ನಾಲ್ಕಾಯಿತು. ಜೇನುಗಿಡುಗದ್ದು ಇನ್ನೂ ತೊಡಕು. ಜೇನಿಗೆ ಹೆಸರಾದ ಈ ನಾಡಿನಲ್ಲಿ ವರ್ಷವಿಡೀ ಇರುವ ಜೇನುಗಿಡುಗಗಳೂ ಇವೆ, ಚಳಿಗಾಲಕ್ಕೆ ಉತ್ತರದಿಂದ ಬರುವವೂ ಇವೆ. ಎರಡಕ್ಕೂ ಬೇಕಾದದ್ದು ಜೇನು ಮತ್ತು ಕಣಜಗಳ ಗೂಡಿನ ಮರಿಹುಳು, ಮೇಣ.

ಇದಕ್ಕೆಂದೇ ಗೆರೆಯ ನಿಯಮ. ಕೂತ ಜಾಗದಿಂದ ಪೂರ್ವಕ್ಕೂ ಪಶ್ಚಿಮಕ್ಕೂ ಆಕಾಶದಲ್ಲಿ ಒಂದು ಗೆರೆ ಎಳೆದಂತೆ ಊಹಿಸಿಕೊಳ್ಳಬೇಕು. ಉತ್ತರದಿಂದ ಬಂದು ಆ ಗೆರೆ ದಾಟಿ, ದಕ್ಷಿಣಕ್ಕೆ ಮುಂದುವರಿದು ಕಣ್ಮರೆಯಾದ ಹಕ್ಕಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಗೆರೆ ದಾಟಿದ್ದು ತಿರುಗಿ ಉತ್ತರಕ್ಕೆ ಬಂದರೆ ಒಂದನ್ನು ಕಳೆಯಬೇಕು. ಕಣಿವೆಯಲ್ಲಿ ಸುತ್ತುತ್ತಾ ಉಳಿದದ್ದನ್ನು, ಇನ್ನೊಂದು ಹಕ್ಕಿಯನ್ನು ಗದರಿಸಿ ಅಟ್ಟುವುದನ್ನು, ಕಾಲಲ್ಲಿ ಹಾವು ಹಿಡಿದು ಹೋಗುವುದನ್ನು ಊರಿನವರ ಪಟ್ಟಿಗೆ ಹಾಕಬೇಕು. ಪ್ರಯಾಣದ ಹಕ್ಕಿ ಬೇರೆಯೇ ಕಾಣುತ್ತದೆ. ಅದಕ್ಕೆ ಕೆಳಗಿನ ಕಾಡಿನ ಗೊಡವೆಯಿಲ್ಲ, ಮೇಲೇರುತ್ತದೆ, ಹೊರಡುತ್ತದೆ.

ಒಂದೊಂದೇ ಬಂದರೆ ಎಣಿಸುವುದು ಸುಲಭ. ಹತ್ತಾರು ಒಂದೇ ಏರುಗಾಳಿಯಲ್ಲಿ ಸುತ್ತುತ್ತಿದ್ದರೆ, ಸುತ್ತುವಾಗ ಎಣಿಸಲು ಹೋಗಬಾರದು. ಜಾತ್ರೆಯ ತಿರುಗುವ ತೊಟ್ಟಿಲಲ್ಲಿ ಮಕ್ಕಳನ್ನು ಎಣಿಸಿದ ಹಾಗಾಗುತ್ತದೆ. ತುದಿ ಮುಟ್ಟಿ ಒಂದರ ಹಿಂದೊಂದು ಸಾಲಾಗಿ ಜಾರುವಾಗ ಎಣಿಸಬೇಕು. ಗುಂಪು ಇನ್ನೂ ದೊಡ್ಡದಾದರೆ ಮೊದಲು ಹತ್ತನ್ನು ಎಣಿಸಿ, ಆ ಹತ್ತು ಆಕಾಶದಲ್ಲಿ ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಲ್ಲಿಟ್ಟುಕೊಂಡು ಉಳಿದದ್ದನ್ನು ಅಳೆಯಬೇಕು. ಫೋಟೊ ತೆಗೆದು ಆಮೇಲೆ ಎಣಿಸಿ ನೋಡಿದರೆ ನಿಮ್ಮ ಅಂದಾಜು ಯಾವ ಕಡೆಗೆ ವಾಲುತ್ತದೆ ಎಂಬುದು ತಿಳಿಯುತ್ತದೆ.

ನೀಲಿ ಆಕಾಶದ ಮೋಸವನ್ನೂ ಹೇಳಲೇಬೇಕು. ಒಂದು ತುಂಡು ಮೋಡವೂ ಇಲ್ಲದ ದಿನ ಹಕ್ಕಿ ನೋಡಲು ಒಳ್ಳೆಯದೆಂದು ಅನ್ನಿಸುತ್ತದೆ. ಆ ನೀಲಿಯಲ್ಲಿ ಕಣ್ಣಿಗೆ ಹಿಡಿದುಕೊಳ್ಳಲು ಏನೂ ಇಲ್ಲದೆ, ದುರ್ಬೀನು ಎಷ್ಟು ದೂರಕ್ಕೆ ನೋಡುತ್ತಿದೆ ಎಂಬುದೇ ತಿಳಿಯದೆ, ತಲೆಯ ಮೇಲಿನ ಹಕ್ಕಿ ಕಾಣದೆ ಹೋಗುತ್ತದೆ. ಬಿಳಿ ಮೋಡದ ಹಿನ್ನೆಲೆಯಿದ್ದರೆ ಅದೇ ಹಕ್ಕಿ ಶಾಯಿಯ ಚುಕ್ಕೆಯಂತೆ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಪುಸ್ತಕದಲ್ಲಿ ಅಂಕಿ ಇಳಿಯುವುದಕ್ಕೂ ಇದೇ ಕಾರಣವಿರಬಹುದು: ಬಿಸಿ ಏರುಗಾಳಿ ಆಗ ಬಲವಾಗಿರುತ್ತದೆ, ಹಕ್ಕಿಗಳು ನಮ್ಮ ನೋಟಕ್ಕೆ ಸಿಗದಷ್ಟು ಮೇಲೆ ಹೋಗುತ್ತವೆ. ಕಾಣಲಿಲ್ಲ ಎಂಬುದಕ್ಕೂ ಇರಲಿಲ್ಲ ಎಂಬುದಕ್ಕೂ ಇರುವ ಅಂತರವನ್ನು ಮುಂದೆ ಓದುವವರು ಅಳೆಯಬಲ್ಲದ್ದು ಆ ಗಂಟೆಯ ಮೋಡ, ಗಾಳಿ, ಗೋಚರತೆಗಳ ಸಾಲಿನಿಂದ ಮಾತ್ರ.

ಈಗ ಗಂಟೆಯ ಲೆಕ್ಕ. ಒಂದು ಉದಾಹರಣೆ ಊಹಿಸಿಕೊಳ್ಳೋಣ. ಮೊದಲ ವರ್ಷ 40 ಗಂಟೆ ಕುಳಿತು 60 ಹಕ್ಕಿ ಕಂಡಿರಿ. ಮರುವರ್ಷ ಗೆಳೆಯರು ಸೇರಿಕೊಂಡರು, 80 ಗಂಟೆ ಕುಳಿತು 90 ಕಂಡಿರಿ. ಬರೀ ಹಕ್ಕಿ ನೋಡಿದರೆ ಸಂಖ್ಯೆ ಒಂದೂವರೆ ಪಟ್ಟಾಯಿತೆಂದು ಸಂಭ್ರಮಿಸಬಹುದು. ಗಂಟೆಯಿಂದ ಭಾಗಿಸಿದರೆ ಮೊದಲ ವರ್ಷ ಗಂಟೆಗೆ 1.5, ಎರಡನೆಯ ವರ್ಷ 1.1. ಇಳಿದಿದೆ. ಹಕ್ಕಿ ಕಾಣದ ಗಂಟೆಗಳನ್ನು 'ಏನೂ ಇರಲಿಲ್ಲ' ಎಂದು ಬರೆಯದೆ ಬಿಟ್ಟವರಿಗೆ ಈ ಭಾಗಾಕಾರವೇ ಸಾಧ್ಯವಿಲ್ಲ. ಎರಡು ವರ್ಷದ ಏರಿಳಿತದಿಂದ ಏನನ್ನೂ ಹೇಳಲಾಗದು ಎಂಬುದೂ ನಿಜ. ಒಂದು ಚಂಡಮಾರುತ ಬಂದರೂ ಒಂದು ಋತು ಬುಡಮೇಲಾಗುತ್ತದೆ. ಅದೇ ಗುಡ್ಡ, ಅದೇ ವಾರಗಳು, ಅದೇ ಗಂಟೆಗಳು ಹತ್ತು ಹದಿನೈದು ವರ್ಷ ಸೇರಿದ ಮೇಲೆ ಪುಸ್ತಕ ಮಾತಾಡತೊಡಗುತ್ತದೆ.

ಹಾಗೆ ಮಾತಾಡಿದ ಪುಸ್ತಕಗಳಿವೆ. ಅಮೆರಿಕದ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್ನಿನಲ್ಲಿ ಜನ ಪ್ರತಿ ವರ್ಷ ಬಂದೂಕು ಹಿಡಿದು ನಿಂತು ವಲಸೆಯ ಗಿಡುಗಗಳನ್ನು ಹೊಡೆದುರುಳಿಸುತ್ತಿದ್ದರು. 1934ರಲ್ಲಿ ರೋಸಲಿ ಎಜ್ ಎಂಬ ಮಹಿಳೆ ಆ ಬೆಟ್ಟವನ್ನೇ ಗುತ್ತಿಗೆಗೆ ಪಡೆದು ಕೊಲ್ಲುವುದನ್ನು ನಿಲ್ಲಿಸಿದರು. ಕಾವಲಿಗೆ ಬಂದ ಮಾರಿಸ್ ಬ್ರೌನ್ ಎಣಿಸಲು ಕುಳಿತರು. ಅವರು ಹಕ್ಕಿಗಳ ವಯಸ್ಸನ್ನೂ ಬರೆದಿಟ್ಟದ್ದು ಮುಂದೆ ಬಹಳ ದೊಡ್ಡ ಕೆಲಸಕ್ಕೆ ಬಂತು. 1935ರಿಂದ 39ರವರೆಗೆ ಅಲ್ಲಿ ಕಂಡ ಬಾಲ್ಡ್ ಈಗಲ್‌ಗಳಲ್ಲಿ ನೂರಕ್ಕೆ 40 ಎಳೆಯವು. 1955ರಿಂದ 59ರ ಹೊತ್ತಿಗೆ ಅದು ನೂರಕ್ಕೆ 20ಕ್ಕೆ ಇಳಿದಿತ್ತು. ದೊಡ್ಡವು ಬರುತ್ತಿವೆ, ಮರಿಗಳು ಬರುತ್ತಿಲ್ಲ, ಅಂದರೆ ಗೂಡಿನಲ್ಲೇ ಏನೋ ಕೆಟ್ಟಿದೆ. ಲೇಖಕಿ ರೇಚಲ್ ಕಾರ್ಸನ್ 1962ರಲ್ಲಿ ಕೀಟನಾಶಕಗಳ ವಿರುದ್ಧ ಬರೆದಾಗ ಈ ಅಂಕಿಗಳನ್ನು ಮುಂದಿಟ್ಟರು. ಹತ್ತು ವರ್ಷದ ಮೇಲೆ ಅಲ್ಲಿ ಡಿಡಿಟಿ ಎಂಬ ಕೀಟನಾಶಕ ನಿಷೇಧವಾಯಿತು.

ನಮ್ಮ ದೇಶದ್ದೇ ಕಥೆ ಬೇಕೆಂದರೆ ರಣಹದ್ದುಗಳದ್ದು. ರಾಜಸ್ಥಾನದ ಕೇವಲಾದೇವ್ ಉದ್ಯಾನದಲ್ಲಿ ಪಕ್ಷಿವಿಜ್ಞಾನಿ ವಿಭು ಪ್ರಕಾಶ್ 1980ರ ದಶಕದಲ್ಲಿ ರಣಹದ್ದುಗಳನ್ನು ಎಣಿಸಿದ್ದರು, 90ರ ದಶಕದ ಕೊನೆಯಲ್ಲಿ ಮತ್ತೆ ಎಣಿಸಿದರು. ಎರಡನ್ನೂ ಪಕ್ಕದಲ್ಲಿಟ್ಟಾಗ ಹಕ್ಕಿಗಳು ಕುಸಿದುಬಿದ್ದಿರುವುದು ಕಂಡಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕವೇ ಕಾರಣವೆಂದು 2004ರ ಹೊತ್ತಿಗೆ ಗೊತ್ತಾಗಿ, 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ಸರ್ಕಾರ ನಿಷೇಧಿಸಿತು. ಒಂದು ಕಾಲಕ್ಕೆ ಊರಾಚೆ ಸತ್ತ ದನದ ಸುತ್ತ ನೆರೆಯುತ್ತಿದ್ದ ಹಕ್ಕಿಯನ್ನು ಎಣಿಸಿಡಬೇಕೆಂದು ಬೇರೆ ಊರುಗಳಲ್ಲಿ ಎಷ್ಟು ಜನಕ್ಕೆ ಅನಿಸಿತ್ತು? ಎಲ್ಲೆಲ್ಲೂ ಇದ್ದ ಹಕ್ಕಿಯದು ಬರೆದಿಟ್ಟ ಲೆಕ್ಕವಿಲ್ಲ ಎಂಬುದು ನನ್ನನ್ನು ಬಹಳ ಕಾಡುತ್ತದೆ. ಕೊಡಗಿನ ಬೆಟ್ಟಗಳಲ್ಲಿ ಇಂದು ಸಾಮಾನ್ಯವೆಂದು ಕಾಣುವ ಹಕ್ಕಿಗಳನ್ನೂ, ಗೆರೆಯ ನಿಯಮಕ್ಕೆ ಹೊರಗಿನ ಗರುಡ, ಹಾವುಗಿಡುಗಗಳನ್ನೂ ಬೇರೆ ಪಟ್ಟಿಯಲ್ಲಿ ನಾವು ಬರೆದಿಡುವುದು ಇದಕ್ಕೇ.

ಶುರು ಮಾಡಲು ಹೆಚ್ಚೇನೂ ಬೇಡ. ಎಂಟು ಪಟ್ಟು ಹಿಗ್ಗಿಸಿ ತೋರಿಸುವ ಒಂದು ದುರ್ಬೀನು, ಒಂದು ಗಡಿಯಾರ, ಗೆರೆ ಹಾಕಿದ ಪುಸ್ತಕ. ಉತ್ತರಕ್ಕೆ ತೆರೆದ ಗುಡ್ಡ. ತೋಟದೊಳಗಿನ ಬಾಣೆಯ (ಗದ್ದೆಗೆ ಸೇರಿದ ಏರುನೆಲದ) ನೆತ್ತಿಯಾದರೂ ಆದೀತು. ಕಾಯ್ದಿಟ್ಟ ಅರಣ್ಯದ ಶಿಖರವಾದರೆ ಇಲಾಖೆಯ ಅನುಮತಿ ಪಡೆದೇ ಹತ್ತಬೇಕು. ಇಬ್ಬರಿದ್ದರೆ ಒಬ್ಬರು ನೋಡುವುದು, ಒಬ್ಬರು ಬರೆಯುವುದು, ಗಂಟೆಗೊಮ್ಮೆ ಬದಲಾಯಿಸಿಕೊಳ್ಳುವುದು. ಎದುರಿನ ಪ್ರತಿ ಗುಡ್ಡಕ್ಕೂ ಒಂದು ಹೆಸರಿಟ್ಟುಕೊಂಡರೆ 'ಅಲ್ಲಿ ನೋಡು' ಎಂದು ಕೈ ತೋರಿಸುವಷ್ಟರಲ್ಲಿ ಹಕ್ಕಿ ಹೋಗಿಬಿಡುವುದು ತಪ್ಪುತ್ತದೆ. ಸಂಜೆ ಮನೆಗೆ ಬಂದ ಮೇಲೆ ಹಕ್ಕಿ ನೋಡುವವರ ಪಟ್ಟಿಗಳನ್ನು ಸೇರಿಸಿಡುವ ಇ-ಬರ್ಡ್ ಜಾಲತಾಣದಲ್ಲಿ ಗಂಟೆಗೊಂದು ಪಟ್ಟಿಯಾಗಿ ಹಾಕಿದರೆ ಪುಸ್ತಕ ಗೆದ್ದಲು ತಿಂದರೂ ಲೆಕ್ಕ ಉಳಿಯುತ್ತದೆ.

ನಮ್ಮ ಗುಡ್ಡದ ಎಣಿಕೆ ನವೆಂಬರ್ ಮೂರನೆಯ ವಾರಕ್ಕೆ ಮುಗಿಯುತ್ತದೆ. ಅಷ್ಟು ಹೊತ್ತಿಗೆ ಅರೇಬಿಕಾ ಹಣ್ಣು ಕೆಂಪಾಗಿ ತೋಟದಲ್ಲಿ ಕೊಯ್ಲು ಶುರುವಾಗಿರುತ್ತದೆ, ಯಾರ ಕೈಯೂ ಖಾಲಿ ಇರುವುದಿಲ್ಲ. ಕಳೆದ ಸಲ ಕೊನೆಯ ದಿನ ಗುಡ್ಡದಿಂದ ಇಳಿದು ಬಂದು, ಜೊತೆಗಿದ್ದ ಗೆಳೆಯನ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಪುಟದ ಕೆಳಗೆ ಕೊನೆಯ ಸಾಲು ಬರೆದೆ: ಮೂರರಿಂದ ನಾಲ್ಕು, ಮೂಡುಗಾಳಿ, ಅರ್ಧ ಮೋಡ, ಸೊನ್ನೆ. ಅವನ ತಾಯಿ ಮಳೆ ಪುಸ್ತಕವನ್ನು ಕಪಾಟಿಗೆ ಸೇರಿಸುತ್ತಿದ್ದವರು ಕೈ ಚಾಚಿ ನಮ್ಮದನ್ನೂ ತೆಗೆದುಕೊಂಡು, ಅದರ ಪಕ್ಕದಲ್ಲೇ ಇಟ್ಟರು.